ಕಾಲುಚೀಲದಿಂದ ಪಾಠ ಶುರುಮಾಡಿದ ಮೇಷ್ಟ್ರು

ಮಕ್ಕಳೇ, ಕಾಲುಚೀಲ ಹಾಕಿಕೊಳ್ಳುವುದನ್ನು ನಿಮಗೆ ಯಾರು ಕಲಿಸಿದರು? ಅಮ್ಮನೋ ಅಜ್ಜಿಯೋ ಕಲಿಸಿರುತ್ತಾರೆ. ಒಂದನೇ ತರಗತಿಗೆ ಕಾಲಿಡುವ ಹೊತ್ತಿಗೆ ಆ ಪಾಠ ಮುಗಿದೇ ಹೋಗಿರುತ್ತದೆ. ಆದರೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಷ್ಟ್ರಿದ್ದರು. ಹದಿನೆಂಟು, ಇಪ್ಪತ್ತು ವರ್ಷದ ಹುಡುಗರನ್ನು ಕೂರಿಸಿಕೊಂಡು ಅವರು ಪ್ರತಿವರ್ಷ ಮೊದಲ ದಿನ ಹೇಳಿಕೊಡುತ್ತಿದ್ದುದು ಇದನ್ನೇ. ಆ ಹುಡುಗರೋ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಂಥವರು. ಇಡೀ ದೇಶದಲ್ಲೇ ಚೆನ್ನಾಗಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆಂದು ಹೆಸರು ಮಾಡಿ ಬಂದವರು. ದೊಡ್ಡ ದೊಡ್ಡ ಗುಟ್ಟು ಹೇಳಿಕೊಡುತ್ತಾರೆಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತವರಿಗೆ ಮೇಷ್ಟ್ರು ಹೇಳುತ್ತಿದ್ದುದು ಇಷ್ಟು: ಕಾಲುಚೀಲವನ್ನು ಬೆರಳ ತುದಿಯಿಂದ ಸವರಿಕೊಂಡು ಬನ್ನಿ, ಕಿರುಬೆರಳ ಹತ್ತಿರ ನೋಡಿ, ಹಿಮ್ಮಡಿಯ ಹತ್ತಿರ ಇನ್ನೊಮ್ಮೆ ನೋಡಿ, ಎಲ್ಲೂ ಒಂದು ಸುಕ್ಕು ಇರಬಾರದು. ಆಮೇಲೆ ಬೂಟಿನ ದಾರವನ್ನು ಒಂದೊಂದು ತೂತಿನಲ್ಲೂ ಬಿಗಿ ಮಾಡುತ್ತಾ ಬಂದು ಎರಡು ಗಂಟು ಹಾಕಿ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮೇಷ್ಟ್ರ ಲೆಕ್ಕ ಮಾತ್ರ ಸರಳ. ಸುಕ್ಕಿದ್ದರೆ ಬೊಕ್ಕೆ ಏಳುತ್ತದೆ. ಬೊಕ್ಕೆ ಎದ್ದರೆ ಎರಡು ದಿನ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದವನು ಆಟದ ದಿನ ಅಂಗಳದ ಹೊರಗೆ ಕೂತಿರುತ್ತಾನೆ.

ಈ ಮೇಷ್ಟ್ರ ಹೆಸರು ಜಾನ್ ವುಡನ್. 1948ರಿಂದ 1975ರವರೆಗೆ ಯುಸಿಎಲ್‌ಎ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದವರು. ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು ಅವರ ತಂಡ 12 ವರ್ಷಗಳಲ್ಲಿ 10 ಸಲ ಗೆದ್ದಿತು, ಅದರಲ್ಲೂ 1967ರಿಂದ 1973ರವರೆಗೆ ಏಳು ವರ್ಷ ಒಂದೇ ಸಮನೆ. ಒಂದು ಹಂತದಲ್ಲಿ ಸೋಲೇ ಇಲ್ಲದೆ ಸತತವಾಗಿ 88 ಪಂದ್ಯ ಗೆದ್ದರು. 1974ರ ಜನವರಿ 19ರಂದು ನೋಟ್ರೆಡಾಮ್ ವಿಶ್ವವಿದ್ಯಾಲಯದವರು ಒಂದೇ ಒಂದು ಅಂಕದಿಂದ, 71-70ರಲ್ಲಿ, ಆ ಸರಪಳಿ ಮುರಿದರು. ಅಂಕಿಅಂಶ ಇಲ್ಲಿಗೆ ಸಾಕು. ಮೇಷ್ಟ್ರು ತೀರಿಕೊಂಡು ವರ್ಷಗಳೇ ಆದರೂ ಅವರ ಮನೆಯವರು, ಶಿಷ್ಯರು, ಅಭಿಮಾನಿಗಳು ಮತ್ತೆ ಮತ್ತೆ ಹೇಳಿಕೊಂಡ ನೆನಪುಗಳಲ್ಲಿ ಈ ಅಂಕಿಗಳು ಹೆಚ್ಚಾಗಿ ಬರುವುದೇ ಇಲ್ಲ. ನನಗೆ ಸೋಜಿಗವೆನಿಸಿದ್ದು ಅದೇ.

ವುಡನ್ ಹುಟ್ಟಿದ್ದು 1910ರ ಅಕ್ಟೋಬರ್ 14ರಂದು, ಇಂಡಿಯಾನಾ ರಾಜ್ಯದ ಒಂದು ಪುಟ್ಟ ಊರಿನಲ್ಲಿ. ರೈತಾಪಿ ಮನೆ. ಕರೆಂಟಿಲ್ಲ, ನಲ್ಲಿಯಿಲ್ಲ. ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅಪ್ಪ ನಾಲ್ಕು ಗಂಡುಮಕ್ಕಳನ್ನು ಕೂರಿಸಿಕೊಂಡು ಬೈಬಲನ್ನೂ ಪದ್ಯಗಳನ್ನೂ ಓದುತ್ತಿದ್ದರು. ನಮ್ಮಲ್ಲಿ ಲಗೋರಿ ಆಡಲು ಹಳೇ ಬಟ್ಟೆ ಸುತ್ತಿ ಚೆಂಡು ಮಾಡಿಕೊಳ್ಳುತ್ತಿದ್ದೆವಲ್ಲ, ಅಜ್ಜಂದಿರಿಗೆ ನೆನಪಿರುತ್ತದೆ, ಅಲ್ಲೂ ಅದೇ ಕತೆ. ಅಮ್ಮ ತನ್ನ ಹಳೆಯ ಉದ್ದನೆಯ ಕಾಲುಚೀಲದೊಳಗೆ ಚಿಂದಿ ತುಂಬಿ ಹೊಲಿದುಕೊಟ್ಟರು, ಅದೇ ಚೆಂಡು. ತಳ ಕಿತ್ತ ಟೊಮೆಟೊ ಬುಟ್ಟಿಯನ್ನು ಕೊಟ್ಟಿಗೆಯಲ್ಲಿ ಹೊಡೆದರು, ಅದೇ ಬಲೆ. ಬ್ಯಾಸ್ಕೆಟ್ ಎಂದರೆ ಬುಟ್ಟಿ ತಾನೆ! 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಈ ಆಟವನ್ನು ಕಂಡುಹಿಡಿದಾಗಲೂ ಹಣ್ಣಿನ ಬುಟ್ಟಿಯನ್ನೇ ಕಟ್ಟಿದ್ದರು.

ಅಪ್ಪನ ಬಗ್ಗೆ ವುಡನ್ ಜೀವಮಾನವಿಡೀ ಹೇಳುತ್ತಿದ್ದ ಒಂದು ನೆನಪಿದೆ. ಜಲ್ಲಿಯ ಗುಂಡಿಯಿಂದ ಗಾಡಿ ಮೇಲೆ ಬರಬೇಕು. ಕುದುರೆಗಳು ಏನು ಮಾಡಿದರೂ ಎಳೆಯಲೊಲ್ಲವು. ಹೊಡೆಯುವ ಯುವಕ ಚಾಟಿ ಬೀಸುತ್ತಾನೆ, ಕೂಗುತ್ತಾನೆ, ಅವು ನೊರೆ ಕಕ್ಕುತ್ತಾ ಬೆದರುತ್ತವೆ. ವುಡನ್‌ನ ಅಪ್ಪ ಹತ್ತಿರ ಹೋಗಿ, ಕುದುರೆಗಳ ಮೈ ಸವರಿ, ಮೆತ್ತಗೆ ಏನೋ ಮಾತಾಡಿ, ಮಧ್ಯೆ ನಿಂತು ನಡೆಸಿದರು. ಗಾಡಿ ಮೇಲೆ ಬಂತು. ಪುಟ್ಟ ಜಾನ್ ನೋಡುತ್ತಾ ನಿಂತಿದ್ದ.

ಅದೇ ಅಪ್ಪ ಹೊಲ ಕಳೆದುಕೊಂಡರು. ಹಂದಿಗಳಿಗೆ ಹಾಕಿಸಿದ ಲಸಿಕೆ ಕೆಟ್ಟಿತ್ತು, ಹಂದಿಗಳು ಸತ್ತವು, ಸಾಲ ತೀರಲಿಲ್ಲ, ಮನೆಮಂದಿ ಪಕ್ಕದ ಪಟ್ಟಣಕ್ಕೆ ಹೊರಟರು. ಆದರೂ ಅಪ್ಪ ಯಾರನ್ನೂ ಬೈದದ್ದನ್ನು ತಾನು ಕೇಳಲಿಲ್ಲ ಎನ್ನುತ್ತಿದ್ದರು ವುಡನ್. ಪ್ರಾಥಮಿಕ ಶಾಲೆ ಮುಗಿದ ದಿನ ಅಪ್ಪ ಕೊಟ್ಟ ಉಡುಗೊರೆ ಎರಡು ಡಾಲರಿನ ಒಂದು ನೋಟು ಮತ್ತು ಒಂದು ಚೀಟಿ. ಚೀಟಿಯಲ್ಲಿ ಏಳು ಮಾತು ಬರೆದಿದ್ದವು. ನಿನಗೆ ನೀನು ಪ್ರಾಮಾಣಿಕನಾಗಿರು, ಬೇರೆಯವರಿಗೆ ನೆರವಾಗು, ಒಳ್ಳೆಯ ಪುಸ್ತಕ ಓದು ಎಂಬಂಥ ಮಾತುಗಳು. ಆ ಚೀಟಿಯನ್ನು ವುಡನ್ ಪರ್ಸಿನಲ್ಲಿಟ್ಟುಕೊಂಡು ಅದು ಸವೆಯುವವರೆಗೂ ತಿರುಗಿದರು. ಆಮೇಲೆ ನಕಲು ಮಾಡಿಸಿ ಇಟ್ಟುಕೊಂಡರು.

ಇನ್ನು ನೆಲ್ ವಿಷಯ. ನೆಲ್ ಇಲ್ಲದೆ ಈ ಮೇಷ್ಟ್ರ ಕತೆಯೇ ಇಲ್ಲ.

ಹೈಸ್ಕೂಲಿನ ದಿನಗಳು. ಜಾನ್ ಹೊಲ ಉಳುತ್ತಿದ್ದಾನೆ, ಮೈಯೆಲ್ಲ ಬೆವರು, ಮಣ್ಣು. ರಸ್ತೆಯಲ್ಲಿ ಒಂದು ಕಾರು ನಿಂತಿತು. ಅದರಲ್ಲಿ ನೆಲ್ ಎಂಬ ಹುಡುಗಿ, ಜೊತೆಗೆ ಗೆಳತಿ. ಬಾ ಎಂದು ಕೈಬೀಸಿ ಕರೆದರು. ಈತ ಕೇಳಿಸದವನಂತೆ ಉಳುತ್ತಲೇ ಹೋದ. ಶಾಲೆ ತೆರೆದ ಮೇಲೆ ಆಕೆ ಅಡ್ಡಗಟ್ಟಿ ಕೇಳಿದಳು, ಯಾಕೆ ಬರಲಿಲ್ಲ ಎಂದು. ನನ್ನ ಅವತಾರ ನೋಡಿ ನೀವೆಲ್ಲ ನಗುತ್ತೀರಿ ಅಂದುಕೊಂಡೆ ಎಂದ. ನಾನು ಯಾವತ್ತೂ ನಗುತ್ತಿರಲಿಲ್ಲ ಎಂದಳು. ಅಲ್ಲಿಂದ ಶುರುವಾಯಿತು. ಆಕೆ ಶಾಲೆಯ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುವವಳು. ಪ್ರತಿ ಆಟಕ್ಕೆ ಮೊದಲು ಜಾನ್ ಬ್ಯಾಂಡಿನವರ ಕಡೆ ತಿರುಗಿ ಹೆಬ್ಬೆರಳು ತೋರುಬೆರಳು ಸೇರಿಸಿ ಸುನ್ನೆ ಮಾಡಿ ತೋರಿಸುತ್ತಿದ್ದ, ಆಕೆಯೂ ತೋರಿಸುತ್ತಿದ್ದಳು. ಮುಂದೆ ಐವತ್ತು ವರ್ಷ ತುಂಬುವ ಹೊತ್ತಿಗೂ, ಸಾವಿರಾರು ಜನ ತುಂಬಿದ ಕ್ರೀಡಾಂಗಣದಲ್ಲಿ, ಕೋಟು ಹಾಕಿಕೊಂಡ ಕೋಚ್ ಆಟ ಆರಂಭವಾಗುವ ಮೊದಲು ತಿರುಗಿ ನೋಡುತ್ತಿದ್ದುದು ಹೆಂಡತಿ ಎಲ್ಲಿ ಕೂತಿದ್ದಾಳೆಂದು. ಅದೇ ಸುನ್ನೆ. ಆಮೇಲೆಯೇ ಆಟ.

ಮದುವೆ ಆದದ್ದು 1932ರ ಆಗಸ್ಟ್ 8ರಂದು. ವುಡನ್ ಆಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿಕೊಂಡಿದ್ದರು. ಮದುವೆಗೆಂದು ಕೂಡಿಸಿಟ್ಟಿದ್ದ ಹಣ 909 ಡಾಲರ್ 5 ಸೆಂಟ್. ಮದುವೆಯ ಮುಂಚಿನ ದಿನಗಳಲ್ಲೇ ಆ ಹಣ ಇಟ್ಟಿದ್ದ ಬ್ಯಾಂಕು ಬಾಗಿಲು ಹಾಕಿತು. ಬ್ಯಾಂಕಿನ ಕೌಂಟರಿನ ಹಿಂದೆ ಆಯಸ್ಸು ಕಳೆದ ನನಗೆ ಆ ಐದು ಸೆಂಟು ಮರೆಯಲಾಗುವುದಿಲ್ಲ. ಅದು ಆರ್ಥಿಕ ಮುಗ್ಗಟ್ಟಿನ ಕಾಲ, ಅಮೆರಿಕದಲ್ಲಿ ಸಾವಿರಾರು ಬ್ಯಾಂಕು ಮುಳುಗಿದವು, ಠೇವಣಿಗೆ ವಿಮೆ ಎಂಬುದು ಅಲ್ಲಿ ಕಾಯಿದೆಯಾಗಿ ಬಂದದ್ದು ಮಾರನೆಯ ವರ್ಷ. ನಮ್ಮ ದೇಶದಲ್ಲಿ ಅದು 1962ರಲ್ಲಿ ಬಂತು. ಇರಲಿ. ಬರಿಗೈಯಲ್ಲೇ ಮದುವೆಯಾದರು.

ಮೊದಲ ಕೆಲಸ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ಜೊತೆಗೆ ಆಟದ ತರಬೇತಿ. ಈ ಇಂಗ್ಲಿಷ್ ಪಾಠದ ಕೋಣೆಯಲ್ಲೇ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು. ಮಕ್ಕಳಿಗೆ ‘ಎ’ ದರ್ಜೆ ಬರದಿದ್ದರೆ ಅಪ್ಪ ಅಮ್ಮ ಸಿಡಿಮಿಡಿಗೊಂಡು ಬರುತ್ತಿದ್ದರು. ಪಕ್ಕದ ಮನೆಯ ಹುಡುಗನಿಗೆ ‘ಸಿ’ ಬಂದರೆ ಪರವಾಗಿಲ್ಲ, ಅವನಿಗೆ ಅಷ್ಟೇ ಸಾಕು. ತಮ್ಮ ಮಗನಿಗೆ ಬಂದರೆ ಮಾತ್ರ ಹುಡುಗನೂ ಸೋತ, ಮೇಷ್ಟ್ರೂ ಸೋತ. (ಇದು ಇಂಡಿಯಾನಾದ ಮಾತು, ನಮ್ಮ ಬೀದಿಯ ಮಾತೆಂದು ಯಾರೂ ತಪ್ಪು ತಿಳಿಯಬಾರದು!) ಹಾಗಾದರೆ ಗೆಲುವು ಎಂದರೇನು? ಬೇರೆಯವರಿಗಿಂತ ಮೇಲಾಗಲು ಹೋಗಬೇಡ, ನಿನ್ನ ಕೈಲಾದಷ್ಟು ಮಾಡುವುದನ್ನು ಬಿಡಬೇಡ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. 1934ರಲ್ಲಿ ವುಡನ್ ತನ್ನದೇ ಅರ್ಥವೊಂದನ್ನು ಬರೆದುಕೊಂಡರು. ಕೈಲಾದದ್ದನ್ನೆಲ್ಲ ಮಾಡಿದ್ದೇನೆ ಎಂದು ತನಗೆ ತಾನೇ ಗೊತ್ತಿರುವಾಗ ಸಿಗುವ ನೆಮ್ಮದಿಯೇ ಯಶಸ್ಸು, ಅದನ್ನು ಹೊರಗಿನವರು ಅಳೆಯಲಾರರು ಎಂಬುದು ಅದರ ಸಾರ. ಮುಂದಿನ ಹದಿನಾಲ್ಕು ವರ್ಷ ತಿದ್ದುತ್ತಾ ತೀಡುತ್ತಾ ಅದನ್ನೊಂದು ಗೋಪುರದ ಚಿತ್ರವಾಗಿ ಮಾಡಿದರು. ಅದಕ್ಕೆ 15 ಕಲ್ಲುಗಳು. ಕಷ್ಟಪಟ್ಟು ದುಡಿಯುವುದು, ಉತ್ಸಾಹ, ಗೆಳೆತನ, ನಿಷ್ಠೆ ಅಂತೆಲ್ಲ. ‘ಯಶಸ್ಸಿನ ಗೋಪುರ’ ಎಂದು ಅದು ಹೆಸರಾಗಿದೆ.

ಇವರ ಹುಡುಗರೆಲ್ಲ ಒಂದು ಮಾತು ಒಪ್ಪುತ್ತಾರೆ. ಈ ಪುಣ್ಯಾತ್ಮ ‘ಗೆಲ್ಲಬೇಕು’ ಎಂಬ ಪದ ಬಾಯಿಗೆ ತಂದದ್ದೇ ನಮಗೆ ನೆನಪಿಲ್ಲ ಎಂದು. ಆಟ ಮುಗಿದಾಗ ತಲೆ ಎತ್ತಿಕೊಂಡು ಬನ್ನಿ, ನಿಮ್ಮ ಮುಖ ನೋಡಿದರೆ ಗೆದ್ದಿರೋ ಸೋತಿರೋ ಗೊತ್ತಾಗಬಾರದು, ಅಷ್ಟೇ ಹೇಳುತ್ತಿದ್ದರಂತೆ. ನಾನು ಅವರನ್ನು ಮೊದಲು ಕಂಡದ್ದು ಮೊಮ್ಮಗ ಫೋನಿನಲ್ಲಿ ತೋರಿಸಿದ ಭಾಷಣವೊಂದರಲ್ಲಿ. 2001ರದು, ಆಗವರಿಗೆ 90 ವರ್ಷ. ಕೈಯಲ್ಲಿ ಒಂದು ಚೀಟಿಯಿಲ್ಲ. ಅಪ್ಪನ ಮಾತು, ಶಾಲೆಯ ಮಾರ್ಕ್ಸು, ಬಾಯಿಪಾಠ ಮಾಡಿದ ಪದ್ಯಗಳು, ಒಂದರ ಹಿಂದೊಂದು ಬರುತ್ತಲೇ ಇದ್ದವು. ಮೊಮ್ಮಗನಿಗೆ ಬ್ಯಾಸ್ಕೆಟ್‌ಬಾಲ್ ಬೇಕಿತ್ತು, ನನಗೆ ಈ ಅಜ್ಜ ಹಿಡಿಸಿದರು.

1946ರಲ್ಲಿ ವುಡನ್ ಇಂಡಿಯಾನಾದ ಶಿಕ್ಷಕರ ಕಾಲೇಜೊಂದರ ಕೋಚ್ ಆದರು. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ವರ್ಣದ ಹುಡುಗನಿದ್ದ, ಹೆಚ್ಚಾಗಿ ಬದಲಿ ಆಟಗಾರ. 1947ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು. ಆದರೆ ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಿದ್ದರೆ ನಾವೂ ಬರುವುದಿಲ್ಲ ಎಂದರು ವುಡನ್. ಹೊಸ ಕೋಚ್, ಹೆಸರು ಮಾಡಿಕೊಳ್ಳಬೇಕಾದ ಕಾಲ, ಬಿಟ್ಟದ್ದು ದೊಡ್ಡ ಅವಕಾಶ. ಮಾರನೆಯ ವರ್ಷ ಆ ನಿಯಮ ಹೋಯಿತು, ವಾಕರ್ ಆಡಿದ, ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ.

ಯುಸಿಎಲ್‌ಎಗೆ ಅವರು ಬಂದದ್ದೂ ಒಂದು ಮಾತಿನ ಕತೆಯೇ. ವುಡನ್‌ಗೆ ಮನಸ್ಸಿದ್ದದ್ದು ಮಿನೆಸೋಟ ವಿಶ್ವವಿದ್ಯಾಲಯದ ಮೇಲೆ. ಇಂತಿಷ್ಟು ಹೊತ್ತಿಗೆ ಫೋನ್ ಮಾಡುತ್ತೇವೆ ಎಂದಿದ್ದರು. ಹಿಮದ ಬಿರುಗಾಳಿಗೆ ಅಲ್ಲಿನ ಫೋನ್ ತಂತಿಗಳು ಹಾಳಾಗಿ ಕರೆ ಬರಲಿಲ್ಲ. ಇವರಿಗೆ ಬೇಡವಾಯಿತೇನೋ ಎಂದುಕೊಂಡು, ಆಮೇಲೆ ಕರೆ ಮಾಡಿದ ಯುಸಿಎಲ್‌ಎಯವರಿಗೆ ಒಪ್ಪಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಿನೆಸೋಟದ ಕರೆ ಬಂತು! ಕೊಟ್ಟ ಮಾತು ಕೊಟ್ಟದ್ದೇ ಎಂದು ಅವರು ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಹೊರಟರು.

ಅಲ್ಲಿ ಸಿಕ್ಕಿದ್ದು ಬೆವರು ವಾಸನೆಯ ಹಳೇ ಜಿಮ್. ಅಭ್ಯಾಸಕ್ಕೆ ಮೊದಲು ಕೋಚೇ ನಿಂತು ಹುಡುಗರ ಜೊತೆ ನೆಲ ಒರೆಸುತ್ತಿದ್ದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಅವರು ಸೇರಿ ಹದಿನಾರನೆಯ ಋತುವಿನಲ್ಲಿ. ಆ ತಂಡದಲ್ಲಿ ತೀರಾ ಎತ್ತರದವರು ಯಾರೂ ಇರಲಿಲ್ಲ. ಎದುರಾಳಿಯನ್ನು ಅಂಗಳದ ಉದ್ದಕ್ಕೂ ಅಟ್ಟಿಸಿಕೊಂಡು ಹೋಗಿ ಕಂಗೆಡಿಸುವ ತಂತ್ರದಿಂದ ಆಡಿದ 30 ಪಂದ್ಯವನ್ನೂ ಗೆದ್ದರು. ಆ ತಂತ್ರಕ್ಕೆ ಒತ್ತಾಯಿಸಿದವರು ಸಹಾಯಕ ಕೋಚ್ ಜೆರ್ರಿ ನಾರ್ಮನ್, ಆ ಪಾಲು ಅವರಿಗೆ ಸಲ್ಲಬೇಕು.

ಮರುವರ್ಷ ನ್ಯೂಯಾರ್ಕಿನಿಂದ ಏಳಡಿ ಎರಡಂಗುಲದ ಹುಡುಗನೊಬ್ಬ ಬಂದ. ಆಗ ಅವನ ಹೆಸರು ಲ್ಯೂ ಆಲ್ಸಿಂಡರ್. ಮುಂದೆ ಇಸ್ಲಾಂ ಸ್ವೀಕರಿಸಿ ಕರೀಂ ಅಬ್ದುಲ್ ಜಬ್ಬಾರ್ ಆದರು. ಕಪ್ಪು ವರ್ಣದ, ನಗರದ, ಮಿತಭಾಷಿ ಹುಡುಗ ಒಂದು ಕಡೆ. ಹೊಲಮನೆಯಿಂದ ಬಂದ, ಚರ್ಚಿಗೆ ತಪ್ಪದೆ ಹೋಗುವ ಬಿಳಿಯ ಮೇಷ್ಟ್ರು ಇನ್ನೊಂದು ಕಡೆ. ಈ ಇಬ್ಬರ ಐವತ್ತು ವರ್ಷದ ಗೆಳೆತನದ ಬಗ್ಗೆ ಕರೀಂ 2017ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದರಲ್ಲಿ ನನ್ನನ್ನು ತಟ್ಟಿದ ಪ್ರಸಂಗ ಒಂದು ಕಾಗದದ್ದು. 1968ರಲ್ಲಿ ಕರಿಯರಿಗೆ ಆಗುತ್ತಿದ್ದ ಅನ್ಯಾಯ ಕಂಡು ಕರೀಂ ಒಲಿಂಪಿಕ್ಸ್‌ಗೆ ಹೋಗಲೊಲ್ಲೆ ಎಂದರು. ದೇಶದ ತುಂಬ ಬೈಗುಳ. ಒಬ್ಬ ಮಹಿಳೆ ಕೋಚ್‌ಗೇ ದೂರು ಬರೆದರು. ವುಡನ್ ಶಿಷ್ಯನ ಪರವಾಗಿ, ಅವನ ನೋವು ಅರ್ಥಮಾಡಿಕೊಳ್ಳಿ ಎಂಬಂತೆ ಸಮಾಧಾನದಿಂದ ಉತ್ತರ ಬರೆದರು. ಬರೆದದ್ದನ್ನು ಶಿಷ್ಯನಿಗೆ ಹೇಳಲೇ ಇಲ್ಲ. ದಶಕಗಳಾದ ಮೇಲೆ ಆ ಕಾಗದ ಕರೀಂ ಕೈಸೇರಿತು. ಹಣ್ಣುಹಣ್ಣು ಮುದುಕರಾದ ವುಡನ್ ಆಟದಂಗಳದಲ್ಲಿ ಕರೀಂ ಕೈ ಹಿಡಿದುಕೊಂಡು ನಿಧಾನ ನಡೆಯುವ ಒಂದು ಛಾಯಾಚಿತ್ರವಿದೆ. ಮೇಷ್ಟ್ರ ತಲೆ ಶಿಷ್ಯನ ಎದೆಗೂ ಬರುವುದಿಲ್ಲ.

ಕರೀಂ ಆದ ಮೇಲೆ ಬಿಲ್ ವಾಲ್ಟನ್ ಬಂದರು. ಕೆಂಚು ಕೂದಲು, ಉಗ್ಗು ಮಾತು, ತಲೆತುಂಬ ಕ್ರಾಂತಿ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟಿಸಿ 1972ರಲ್ಲಿ ಬಂಧನವಾದಾಗ ಬಿಡಿಸಿಕೊಂಡು ಬಂದವರು ಕೋಚೇ. ಕೂದಲು ಗಡ್ಡ ಬಿಡಬಾರದು ಎಂಬುದು ತಂಡದ ನಿಯಮ. ಒಂದು ಸಲ ವಾಲ್ಟನ್ ಉದ್ದ ಕೂದಲಿನಲ್ಲೇ ಬಂದು, ಹೀಗೆ ಬಿಡಲು ನನಗೆ ಹಕ್ಕಿದೆ ಎಂದರು. ಹೌದಪ್ಪ, ನಿನ್ನ ನಂಬಿಕೆಗೆ ನೀನು ಬದ್ಧನಾಗಿರುವುದು ನನಗೆ ಮೆಚ್ಚುಗೆಯೇ, ನೀನಿಲ್ಲದೆ ನಮಗೆ ಬೇಜಾರಾಗುತ್ತದೆ ಎಂದರು ಮೇಷ್ಟ್ರು ತಣ್ಣಗೆ. ವಾಲ್ಟನ್ ಸೈಕಲ್ ಹತ್ತಿ ಕ್ಷೌರದಂಗಡಿಗೆ ದೌಡಾಯಿಸಿದರು! ಆ ವಾಲ್ಟನ್ ಅಪ್ಪನಾದ ಮೇಲೆ ಮಾಡಿದ್ದೇನು ಗೊತ್ತೇ? ಮಕ್ಕಳು ಶಾಲೆಗೆ ಒಯ್ಯುವ ಊಟದ ಚೀಲದ ಮೇಲೆ ದಿನಾ ಒಂದೊಂದು ವುಡನ್ ಮಾತು ಬರೆದು ಕಳಿಸುತ್ತಿದ್ದರು. ಆ ಮಕ್ಕಳಲ್ಲೊಬ್ಬನಾದ ಲೂಕ್ ಮುಂದೆ ವೃತ್ತಿಪರ ಆಟಗಾರನೂ ಕೋಚೂ ಆದರು. ಬಿಲ್ ವಾಲ್ಟನ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಎಲ್ಲರ ನೆನಪೂ ಸಿಹಿಯಲ್ಲ. ತಂಡದಲ್ಲಿ ಆಡುವವರು ಐದೇ ಜನ, ಉಳಿದವರು ಬೆಂಚಿನಲ್ಲಿ. ಆಂಡಿ ಹಿಲ್ ಎಂಬಾತ ಮೂರು ಬಾರಿ ಚಾಂಪಿಯನ್ ಆದ ತಂಡದಲ್ಲಿದ್ದರೂ ಹೆಚ್ಚಿನ ಹೊತ್ತು ಕೂತದ್ದು ಆ ಬೆಂಚಿನಲ್ಲಿ. ಕೋಚ್ ನನ್ನನ್ನು ಆಡಿಸಲಿಲ್ಲ ಎಂಬ ನೋವಿನಲ್ಲಿ ಓದು ಮುಗಿಸಿ ಹೋದವರು ಇಪ್ಪತ್ತೈದು ವರ್ಷದ ಹತ್ತಿರ ಒಂದು ಮಾತೂ ಆಡಲಿಲ್ಲ. ಟೆಲಿವಿಷನ್ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದ ಮೇಲೆ ಒಂದು ದಿನ ಹೊಳೆಯಿತಂತೆ, ತಾನು ಕೆಲಸ ಮಾಡಿಸುವ ರೀತಿಯೆಲ್ಲ ಆ ಮೇಷ್ಟ್ರಿಂದ ಬಂದದ್ದೇ ಎಂದು. ಅಳುಕುತ್ತಲೇ ಫೋನ್ ಮಾಡಿದರು. ಮನೆಗೆ ಬಾ ಎಂದರು ವುಡನ್. ಆ ಭೇಟಿಗಳಿಂದ ‘ಬಿ ಕ್ವಿಕ್ ಬಟ್ ಡೋಂಟ್ ಹರಿ’ ಎಂಬ ಪುಸ್ತಕ ಹುಟ್ಟಿತು. ಚುರುಕಾಗಿರು, ಆದರೆ ಗಡಿಬಿಡಿ ಬೇಡ, ಎಂದು ಮೇಷ್ಟ್ರು ಅಂಗಳದಲ್ಲಿ ನೂರು ಸಲ ಹೇಳುತ್ತಿದ್ದ ಮಾತೇ ಪುಸ್ತಕದ ಹೆಸರು. ನನಗಂತೂ ಹತ್ತು ಪ್ರಶಸ್ತಿಗಳಿಗಿಂತ ಈ ಒಂದು ಫೋನ್ ಕರೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಕಹಿಯನ್ನೂ ಹೇಳಿಬಿಡುತ್ತೇನೆ. ತಂಡದ ಅಭಿಮಾನಿಯಾಗಿದ್ದ ಒಬ್ಬ ಶ್ರೀಮಂತ ಕಟ್ಟಡ ಗುತ್ತಿಗೆದಾರ ನಿಯಮ ಮೀರಿ ಆಟಗಾರರಿಗೆ ಸಹಾಯ, ಉಡುಗೊರೆ ಕೊಡುತ್ತಿದ್ದುದು ವುಡನ್ ನಿವೃತ್ತರಾದ ಮೇಲೆ ಪತ್ರಿಕೆಗಳಲ್ಲಿ ಬಂತು. 1981ರಲ್ಲಿ ವಿಶ್ವವಿದ್ಯಾಲಯಕ್ಕೆ ಶಿಕ್ಷೆಯಾಯಿತು. ಕೋಚ್ ಕಣ್ಣಿಟ್ಟು ನೋಡಬೇಕಿತ್ತು ಎನ್ನುವವರು ಇಂದಿಗೂ ಇದ್ದಾರೆ. ಆ ಮಾತು ತಪ್ಪೆಂದು ನಾನು ಹೇಳಲಾರೆ.

ಹಾಗಾದರೆ ಅವರು ಕಲಿಸುತ್ತಿದ್ದ ಬಗೆ ಎಂಥದು? 1974-75ರಲ್ಲಿ, ಅವರ ಕೊನೆಯ ವರ್ಷ, ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಸಮಯದಲ್ಲಿ ಮೂಲೆಯಲ್ಲಿ ಕೂತು ಕೋಚ್ ಬಾಯಿಂದ ಬರುವ ಒಂದೊಂದು ಮಾತನ್ನೂ ಎಣಿಸಿದರು. ಎಣಿಸಿದ್ದು 2,326. ಹೊಗಳಿಕೆ ನೂರಕ್ಕೆ ಏಳರಷ್ಟೂ ಇಲ್ಲ. ಬೈಗುಳವೂ ಅಷ್ಟೂ ಇಲ್ಲ. ನೂರಕ್ಕೆ ಎಪ್ಪತ್ತೈದು ಮಾತು ಬರಿಯ ಮಾಹಿತಿ. ಹೀಗಲ್ಲ, ಹೀಗೆ. ಕಾಲು ಇಲ್ಲಿಡು. ಚೆಂಡು ಎದೆಮಟ್ಟಕ್ಕೆ ಕೊಡು. ಸರಿಯಾದದ್ದನ್ನು ಮಾಡಿ ತೋರಿಸುವುದು, ಹುಡುಗ ಮಾಡಿದ್ದನ್ನು ಅಣಕಿಸಿ ತೋರಿಸುವುದು, ಮತ್ತೆ ಸರಿಯಾದದ್ದನ್ನು ತೋರಿಸುವುದು. ತೀರಾ ಸಿಟ್ಟು ಬಂದರೆ ‘ಗುಡ್‌ನೆಸ್ ಗ್ರೇಷಸ್ ಸೇಕ್ಸ್ ಅಲೈವ್’ ಎನ್ನುತ್ತಿದ್ದರು. ನಮ್ಮ ಕಡೆಯ ‘ಅಯ್ಯೋ ರಾಮ ರಾಮಾ’ ಇದ್ದಹಾಗೆ. ಅದು ಕೇಳಿದರೆ ಹುಡುಗರಿಗೆ ನಡುಕ. ದಿನದ ಅಭ್ಯಾಸಕ್ಕೆ ನಿಮಿಷ ನಿಮಿಷದ ಲೆಕ್ಕ ಚಿಕ್ಕ ಕಾರ್ಡಿನಲ್ಲಿ ಬರೆದು ತರುತ್ತಿದ್ದರು, ಆ ಕಾರ್ಡುಗಳನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತಿದ್ದರು. ಕಳೆದ ವರ್ಷ ಇದೇ ದಿನ ಏನು ಮಾಡಿಸಿದೆ ಎಂದು ತೆಗೆದು ನೋಡುತ್ತಿದ್ದರು. ಲೆಡ್ಜರ್ ಬರೆದ ಕೈಗೆ ಇಂಥವರನ್ನು ಕಂಡರೆ ಖುಷಿ. ಇಷ್ಟಾಗಿ ಅವರ ಸಂಬಳ ವರ್ಷಕ್ಕೆ 35,000 ಡಾಲರ್ ಎಂದೂ ದಾಟಲಿಲ್ಲ.

1975ರಲ್ಲಿ ಹತ್ತನೆಯ ಪ್ರಶಸ್ತಿ ಗೆದ್ದು ಕೋಚ್ ಕೆಲಸ ಬಿಟ್ಟರು. ಹತ್ತು ವರ್ಷ ನೆಲ್ ಜೊತೆ ಕಳೆಯಿತು. 1985ರ ಮಾರ್ಚ್ 21ರಂದು ನೆಲ್ ತೀರಿಕೊಂಡರು. ಐವತ್ತಮೂರು ವರ್ಷ ತುಂಬುವುದರಲ್ಲಿದ್ದ ದಾಂಪತ್ಯ. ಮೇಷ್ಟ್ರು ಮನೆ ಬಿಟ್ಟು ಹೊರಡಲೊಲ್ಲರು. ಪ್ರತಿವರ್ಷ ನೆಲ್ ಜೊತೆ ಹೋಗುತ್ತಿದ್ದ ರಾಷ್ಟ್ರೀಯ ಫೈನಲ್ ಪಂದ್ಯಗಳಿಗೂ ಹೋಗಲಿಲ್ಲ. ಮಗ, ಮಗಳು, ಹಳೆಯ ಶಿಷ್ಯರು ಸರದಿಯ ಮೇಲೆ ಬಂದು ಕೂರುತ್ತಿದ್ದರು. ಇವರು ನಮಗೆ ಉಳಿಯುತ್ತಾರೋ ಇಲ್ಲವೋ ಎಂದು ಮನೆಯವರಿಗೆ ದಿಗಿಲಾಗಿತ್ತು. ಆ ಸುಮಾರಿಗೆ ಮರಿಮೊಮ್ಮಗಳು ಹುಟ್ಟಿದಳು. ಕೂಸನ್ನು ಎತ್ತಿಕೊಂಡ ಮೇಲೆಯೇ ಅಜ್ಜ ಮತ್ತೆ ಈ ಲೋಕದ ಕಡೆ ತಿರುಗಿದ್ದು. ಅಜ್ಜ ಅಜ್ಜಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಅವರಿಗೆ 7 ಮೊಮ್ಮಕ್ಕಳು, 13 ಮರಿಮಕ್ಕಳು. 2003ರಲ್ಲಿ, 92 ದಾಟಿದ ಮೇಲೆ, ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನೂ ತಂದರು. ಒಂದು ಹುಳ, ಒಂದು ಇಲಿ, ಯಶಸ್ಸು ಎಲ್ಲಿದೆ ಎಂದು ಹುಡುಕಿಕೊಂಡು ಹೊರಡುವ ಕತೆ.

ಎನ್ಸಿನೋ ಎಂಬಲ್ಲಿನ ಅವರ ಮನೆ ಒಂದು ಸಾಧಾರಣ ಫ್ಲ್ಯಾಟು. ಅವರು ತುಂಬ ಮೆಚ್ಚಿಕೊಂಡಿದ್ದ ಇಬ್ಬರೆಂದರೆ ಅಬ್ರಹಾಂ ಲಿಂಕನ್ ಮತ್ತು ನಮ್ಮ ಕೋಲ್ಕತ್ತದ ಮದರ್ ತೆರೇಸಾ. ಬೆಳಗಿನ ತಿಂಡಿಗೆ ಹತ್ತಿರದ ಒಂದು ಸಣ್ಣ ಹೋಟೆಲು. ಅಲ್ಲಿ ಯಾರು ಬೇಕಾದರೂ ಬಂದು ಮಾತಾಡಿಸಬಹುದಿತ್ತು. ಪುಸ್ತಕ ಮುಂದಿಟ್ಟವರಿಗೆಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಸಹಿ ಹಾಕಿಕೊಡುತ್ತಿದ್ದರು. ಅವರ ತರಬೇತಿಯ ಒಂದು ಆಟವನ್ನೂ ಕಣ್ಣಾರೆ ನೋಡದ ಎಷ್ಟೋ ಅಭಿಮಾನಿಗಳಿಗೆ ನೆನಪಿರುವುದು ಆ ಹೋಟೆಲಿನ ಮೇಜು.

ಆ ಮನೆಯ ಮಲಗುವ ಕೋಣೆಯಲ್ಲಿ ನಡೆಯುತ್ತಿದ್ದದ್ದು ಮಾತ್ರ ಬಹಳ ಕಾಲ ಹೊರಗೆ ಗೊತ್ತಿರಲಿಲ್ಲ. ಪ್ರತಿ ತಿಂಗಳ 21ನೇ ತಾರೀಕು ವುಡನ್ ನೆಲ್ ಸಮಾಧಿಗೆ ಹೋಗಿ ಬಂದು, ಕೂತು ಆಕೆಗೊಂದು ಕಾಗದ ಬರೆಯುತ್ತಿದ್ದರು. ನಿನ್ನ ನೆನಪಾಗುತ್ತದೆ, ಮಕ್ಕಳು ಮೊಮ್ಮಕ್ಕಳು ಹೀಗಿದ್ದಾರೆ, ಎಂದೆಲ್ಲ. ಮಡಿಸಿ, ಲಕೋಟೆಗೆ ಹಾಕಿ, ಹಳದಿ ರಿಬ್ಬನ್ನು ಕಟ್ಟಿದ್ದ ಹಿಂದಿನ ಕಾಗದಗಳ ಕಟ್ಟಿಗೆ ಸೇರಿಸಿ ಆಕೆಯ ದಿಂಬಿನ ಮೇಲೆ ಇಡುತ್ತಿದ್ದರು. ಹಾಸಿಗೆಯ ಆ ಬದಿ ಆಕೆಯದು. ಕಣ್ಣು ಮಂಜಾಗಿ ಬರೆಯಲಾಗದ ಕಾಲ ಬರುವವರೆಗೂ, ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ, ಇದು ತಪ್ಪಲಿಲ್ಲ.

2010ರ ಜೂನ್ 4ರಂದು, ನೂರು ತುಂಬಲು ನಾಲ್ಕೇ ತಿಂಗಳು ಉಳಿದಿರುವಾಗ, ಮೇಷ್ಟ್ರು ಹೋದರು. ನೆಲ್ ಪಕ್ಕದಲ್ಲೇ ಅವರ ಸಮಾಧಿ. ಫ್ಲ್ಯಾಟಿನಲ್ಲಿದ್ದ ಅವರ ಓದುವ ಕೋಣೆಯನ್ನು ಪುಸ್ತಕ, ಫೋಟೊಗಳ ಸಮೇತ ವಿಶ್ವವಿದ್ಯಾಲಯದ ಕ್ರೀಡಾ ಸಂಗ್ರಹಾಲಯದಲ್ಲಿ ಇದ್ದಹಾಗೇ ಜೋಡಿಸಿಟ್ಟಿದ್ದಾರೆ.

ಅಲ್ಲಿಂದ ಹೆಜ್ಜೆ ದೂರದಲ್ಲಿ ಪಾಲಿ ಪೆವಿಲಿಯನ್ ಎಂಬ ಕ್ರೀಡಾಂಗಣ. 2003ರಲ್ಲಿ ಅದರ ಅಂಗಳಕ್ಕೆ ಜಾನ್ ವುಡನ್ ಹೆಸರಿಡಲು ಹೊರಟಾಗ ಮೇಷ್ಟ್ರು ಒಂದು ಷರತ್ತು ಹಾಕಿದರು. ನೆಲ್ ಹೆಸರೂ ಇರಬೇಕು, ಆಕೆಯ ಹೆಸರು ಮೊದಲು ಬರಬೇಕು. ಈಗಲೂ ಅಲ್ಲಿ ಹುಡುಗರು ಆಡುವುದು ‘ನೆಲ್ ಅಂಡ್ ಜಾನ್ ವುಡನ್ ಕೋರ್ಟ್’ನಲ್ಲಿ.